ನೆಲ್ಲಿ ಮರದ ನೆಂಟರು

ಯಾವುದೇ ಅಭಯಾರಣ್ಯಕ್ಕೆ ಹೋಗಿ, ಗೇಟಿನ ಪಕ್ಕ ಒಂದು ಬೋರ್ಡ್ ಇರುತ್ತದೆ. ಇಷ್ಟು ಜಾತಿಯ ಹಕ್ಕಿ, ಇಷ್ಟು ಜಾತಿಯ ಪ್ರಾಣಿ, ಇಷ್ಟು ಜಾತಿಯ ಮರ ಎಂದು ಬರೆದಿರುತ್ತಾರೆ. ಆ ಪಟ್ಟಿ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಆ ಜೀವಿಗಳು ಅಲ್ಲೇ ಯಾಕಿವೆ, ಮುಂದೆಯೂ ಇರುತ್ತವಾ ಎಂದು ಕೇಳಿದರೆ ಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ. ಮಣ್ಣು, ಮಳೆ, ಬಿಸಿಲು ಒಂದಿಷ್ಟು ಉತ್ತರ ಕೊಡುತ್ತವೆ. ಉಳಿದದ್ದನ್ನು ತಿಳಿಯಬೇಕಾದರೆ ಯಾರು ಯಾರನ್ನು ತಿನ್ನುತ್ತಾರೆ, ಯಾರ ಬೀಜ ಯಾರು ಹೊರುತ್ತಾರೆ, ಯಾರ ಜಾಗ ಯಾರು ಕಿತ್ತುಕೊಳ್ಳುತ್ತಾರೆ ಎಂದು ನೋಡಬೇಕು.

ಶಾಲೆಯಲ್ಲಿ ನಾವೆಲ್ಲ ಈ ಸಂಬಂಧಗಳ ಹೆಸರು ಕಲಿತಿದ್ದೇವೆ. ಬೇಟೆ, ಪೈಪೋಟಿ, ಪರಾವಲಂಬನೆ, ಸಹಬಾಳ್ವೆ. ಪಕ್ಕದಲ್ಲಿ ಕೂಡುವ, ಕಳೆಯುವ ಗುರುತು ಹಾಕಿರುತ್ತಾರೆ. ಇದಕ್ಕೆ ಲಾಭ, ಅದಕ್ಕೆ ನಷ್ಟ. ಯಾವಾಗಲೂ ಎರಡೇ ಜೀವಿಗಳ ಲೆಕ್ಕ. ನನ್ನ ತಕರಾರು ಇರುವುದು ಇಲ್ಲೇ. ಕಾಡಿನಲ್ಲಿ ಇಬ್ಬರ ನಡುವೆ ಮಾತ್ರ ಮುಗಿದುಹೋಗುವ ಸಂಬಂಧ ಸಿಗುವುದು ಕಷ್ಟ. ಮೂರನೆಯವರು ಇದ್ದೇ ಇರುತ್ತಾರೆ. ಎಷ್ಟೋ ಸಲ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ತೀರ್ಮಾನಿಸುವುದೇ ಆ ಮೂರನೆಯವರು. ಇದನ್ನು ಒಂದು ಮರ ಇಟ್ಟುಕೊಂಡು ಹೇಳುತ್ತೇನೆ. ನಿಮಗೆಲ್ಲ ಗೊತ್ತಿರುವ ಮರ, ಬೆಟ್ಟದ ನೆಲ್ಲಿ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ನಿಮ್ಮಲ್ಲಿ ಹಲವರು ಹೋಗಿರಬಹುದು. ಸುಮಾರು 540 ಚದರ ಕಿಲೋಮೀಟರ್ ಕಾಡು. 1974ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಆ ಬೆಟ್ಟದ ಆದಿವಾಸಿಗಳಾದ ಸೋಲಿಗರು ಅದಕ್ಕೂ ಎಷ್ಟೋ ತಲೆಮಾರು ಮೊದಲಿಂದ ಅಲ್ಲಿದ್ದಾರೆ. ಎಲೆ ಉದುರಿಸುವ ಒಣ ಕಾಡಿನ ಭಾಗದಲ್ಲಿ ನೆಲ್ಲಿ ಮರ ಚೆನ್ನಾಗಿ ಬೆಳೆಯುತ್ತದೆ. ಅದಕ್ಕೆ ಬೆಳಕು ಬೇಕು. ದಟ್ಟ ನೆರಳಲ್ಲಿ ನೆಲ್ಲಿ ಸಸಿ ಮೇಲೇಳುವುದಿಲ್ಲ.

ಚಳಿಗಾಲದಲ್ಲಿ ಕಾಯಿ ಬಲಿಯುತ್ತದೆ. ನಾವು ಒಂದು ಕಾಯಿ ಕಚ್ಚಿ ಮುಖ ಹಿಂಡುತ್ತೇವೆ. ಜಿಂಕೆಗೆ ಆ ಕಷ್ಟ ಇಲ್ಲ, ಇಡೀ ಕಾಯಿಯನ್ನೇ ನುಂಗುತ್ತದೆ. ಕಡವೆ, ಕಾಡುಕುರಿಗಳೂ ತಿನ್ನುತ್ತವೆ. ಮರದ ಮೇಲೆ ಮುಸುವಗಳು ಕೂತು ಅರ್ಧ ತಿಂದು ಅರ್ಧ ಬೀಳಿಸುತ್ತವೆ, ಕೆಳಗೆ ಕಾದ ಜಿಂಕೆಗಳಿಗೆ ಹಬ್ಬ. ಹೊಟ್ಟೆ ತುಂಬಿದ ಜಿಂಕೆ ಬೇರೆಲ್ಲೋ ಹೋಗಿ ಮಲಗಿ ಮೆಲುಕು ಹಾಕುತ್ತದೆ. ಆಗ ಗಟ್ಟಿ ಓಟೆ ಬಾಯಿಗೆ ಬರುತ್ತದೆ, ಅದನ್ನು ಉಗಿಯುತ್ತದೆ. ಹಾಗೆ ಉಗಿದ ಓಟೆಗಳು ಬಿಸಿಲಿಗೆ ಒಣಗಿ, ಸಿಡಿದು, ಒಳಗಿನ ಬೀಜಗಳು ಹೊರಗೆ ಚಿಮ್ಮುತ್ತವೆ. ನೋಡಿ, ತಾಯಿ ಮರದ ನೆರಳಿನಿಂದ ದೂರ, ಬೆಳಕಿರುವ ಜಾಗಕ್ಕೆ ಬೀಜ ತಲುಪಿತು. ಮರಕ್ಕೆ ಬೇಕಾಗಿದ್ದೂ ಅದೇ. ಬೀಜ ಹರಡುವ ಕೆಲಸ ಎಂದರೆ ಹಕ್ಕಿ, ಬಾವಲಿ, ಕೋತಿ ಎಂದೇ ನಮಗೆ ನೆನಪಾಗುತ್ತದೆ. ಮೆಲುಕು ಹಾಕುವ ಪ್ರಾಣಿಗಳು ಇಷ್ಟು ಅಚ್ಚುಕಟ್ಟಾಗಿ ಮಾಡುವ ಈ ಕೆಲಸದ ಬಗ್ಗೆ ಮಾತಾಡುವುದು ಕಡಿಮೆ.

ಈಗ ಇನ್ನೊಬ್ಬ ನೆಂಟನ ವಿಷಯಕ್ಕೆ ಬರುತ್ತೇನೆ. ಇವನು ಕರೆಯದೆ ಬರುವವನು. ಬಂದಳಿಕೆ. ನಿಮ್ಮೂರಿನ ಮಾವಿನ ಮರದಲ್ಲೂ ನೋಡಿರುತ್ತೀರಿ. ಮರದ ಕೊಂಬೆಯಲ್ಲಿ ಬೇರೆಯೇ ಎಲೆ, ಬೇರೆಯೇ ಹೂವಿನ ಪೊದೆ ಇರುತ್ತದೆ. ಅದರ ಎಲೆ ಹಸಿರು, ಹಾಗಾಗಿ ಆಹಾರವನ್ನು ತಾನೇ ತಯಾರಿಸಬಲ್ಲದು. ಆದರೆ ನೀರು, ಖನಿಜ ಎಲ್ಲ ಆಸರೆ ಮರದಿಂದ ಹೀರುತ್ತದೆ. ಸೋಲಿಗರು ಇದನ್ನು ಉಪ್ಪಿಲು ಅನ್ನುತ್ತಾರೆ.

ಬಂದಳಿಕೆಗೆ ನೆಲದಲ್ಲಿ ಬದುಕಿಲ್ಲ. ಬೀಜ ನೆಲಕ್ಕೆ ಬಿದ್ದರೆ ಸತ್ತಂತೆ. ಕೊಂಬೆಯ ಮೇಲೇ ಬೀಳಬೇಕು, ಅಲ್ಲೇ ಅಂಟಬೇಕು. ಈ ಕೆಲಸ ಮಾಡುವುದು ಬದನಿಕೆ ಹಕ್ಕಿ, ನಮ್ಮ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಹಣ್ಣು ನುಂಗುತ್ತದೆ, ಸ್ವಲ್ಪ ಹೊತ್ತಿಗೇ ಹಿಕ್ಕೆ ಹಾಕುತ್ತದೆ. ಬೀಜದ ಸುತ್ತ ಗೋಂದಿನಂಥ ಅಂಟು. ಅದು ಸುಲಭವಾಗಿ ಉದುರುವುದಿಲ್ಲ, ಹಕ್ಕಿ ಹಿಂಭಾಗವನ್ನು ಕೊಂಬೆಗೆ ಒರೆಸಿ ಬಿಡಿಸಿಕೊಳ್ಳಬೇಕು. ಬೀಜ ಕೊಂಬೆಗೆ ಅಂಟಿತು, ಅಲ್ಲಿಗೆ ಬಂದಳಿಕೆಯ ಕೆಲಸ ಆಯಿತು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಯಾಕೆಂದರೆ ಈ ಸಂಗತಿ ನನಗೆ ತುಂಬ ಇಷ್ಟ. ಬಂದಳಿಕೆಯ ಹಣ್ಣು ತಿನ್ನುವ ಈ ಹಕ್ಕಿಯೇ ಅದರ ಪರಾಗವನ್ನೂ ಸಾಗಿಸುತ್ತದೆ. ಪರಿಸರ ವಿಜ್ಞಾನಿ ಪ್ರಿಯಾ ದಾವಿದಾರ್ ಅವರು ನೀಲಗಿರಿಯಲ್ಲಿ ಇದನ್ನು ಅಧ್ಯಯನ ಮಾಡಿ 1983ರಲ್ಲಿ ಬರೆದರು. ಕೆಲವು ಬಂದಳಿಕೆಗಳಲ್ಲಿ ಬಲಿತ ಮೊಗ್ಗು ನೋಡಲು ಮಾಗಿದ ಹಣ್ಣಿನ ಹಾಗೇ ಇರುತ್ತದೆ. ಹಣ್ಣು ಹುಡುಕಿಕೊಂಡು ಬಂದ ಹಕ್ಕಿ ಮೊಗ್ಗನ್ನೂ ಕುಕ್ಕುತ್ತದೆ, ಮೊಗ್ಗು ಬಿಚ್ಚಿಕೊಳ್ಳುತ್ತದೆ, ಪರಾಗ ಹಕ್ಕಿಗೆ ಮೆತ್ತಿಕೊಳ್ಳುತ್ತದೆ. ಒಂದೇ ಹಕ್ಕಿಯಿಂದ ಎರಡು ಕೆಲಸ.

ಸರಿ, ನೆಲ್ಲಿಗೆ ಬರೋಣ. ಬಂದಳಿಕೆ ಜಾಸ್ತಿಯಾದ ನೆಲ್ಲಿ ಮರದಲ್ಲಿ ಕಾಯಿ ಕಡಿಮೆ. ತೀರಾ ಹೆಚ್ಚಾದರೆ ಕೊಂಬೆಗಳು ಒಣಗುತ್ತವೆ, ಮರವೇ ಸಾಯಬಹುದು. ಬಿಳಿಗಿರಿಯಲ್ಲಿ ಇದು ದೊಡ್ಡ ಚರ್ಚೆಯಾಯಿತು. ನೆಲ್ಲಿಕಾಯಿ ಸೋಲಿಗರ ಜೀವನಕ್ಕೆ ಆಧಾರ. ಕಾಯಿ ಕಿತ್ತು ಮಾರುತ್ತಾರೆ. ಕಾಡಿನಲ್ಲಿ ನೆಲ್ಲಿಯ ಎಳೆ ಸಸಿಗಳು ಕಡಿಮೆಯಾಗುತ್ತಿವೆ ಎಂಬ ಚಿಂತೆ ಶುರುವಾದಾಗ ಮೊದಲ ಅನುಮಾನ ಹೋಗಿದ್ದು ಕಾಯಿ ಕೀಳುವವರ ಮೇಲೆ. ಕಾಯಿ ಎಲ್ಲ ಕಿತ್ತರೆ ಸಸಿ ಎಲ್ಲಿಂದ ಬರಬೇಕು, ಅಲ್ವಾ? ಕೇಳಲು ಸರಿಯಾಗಿಯೇ ಇದೆ.

ಸೋಲಿಗರು ಒಪ್ಪಲಿಲ್ಲ. ಅವರು ಬೆಂಕಿಯ ವಿಷಯ ಎತ್ತಿದರು. ಮೊದಲೆಲ್ಲ ಬೇಸಿಗೆ ಶುರುವಾಗುವ ಹೊತ್ತಿಗೆ ಉದುರಿದ ಎಲೆಗೆ ಬೆಂಕಿ ಹಾಕುತ್ತಿದ್ದರು. ಅದು ತರಗು ಬೆಂಕಿ. ನೆಲದಲ್ಲಿ ಇನ್ನೂ ತೇವ ಇರುತ್ತದೆ, ಎಲೆಯ ರಾಶಿ ತೆಳುವಾಗಿರುತ್ತದೆ, ಬೆಂಕಿ ಮೊಣಕಾಲಿನ ಎತ್ತರಕ್ಕೆ ಸರಿದು ಹೋಗುತ್ತದೆ. ದೊಡ್ಡ ಮರಗಳಿಗೆ ಏನೂ ಆಗುವುದಿಲ್ಲ. ಆ ಕಾವು, ಹೊಗೆಗೆ ಉಪ್ಪಿಲು ಹತೋಟಿಯಲ್ಲಿತ್ತು, ಪೊದೆಗಳೂ ಮಿತಿಯಲ್ಲಿದ್ದವು ಎನ್ನುವುದು ಅವರ ಮಾತು. ಅಭಯಾರಣ್ಯವಾದ ಮೇಲೆ ಬೆಂಕಿ ನಿಂತಿತು. ಉಪ್ಪಿಲು ಏರಿತು, ಹೊರಗಿನಿಂದ ಬಂದ ಲಂಟಾನ ಪೊದೆ ಏರಿತು, ನೆಲ್ಲಿ ಇಳಿಯಿತು ಎಂದರು.

ಬೆಂಕಿ ಎಂದರೆ ಕಾಡಿನ ಶತ್ರು ಎಂದು ಕಲಿತು ಬಂದವರಿಗೆ ಇದು ಒಪ್ಪುವ ಮಾತಲ್ಲ. ಬೆಂಕಿಗೆ ಎಳೆ ಸಸಿ ಸಾಯುತ್ತದೆ ಎಂದು ಅಳೆದು ತೋರಿಸಿದ ಕೆಲಸಗಳೂ ಇದ್ದವು, ಅದೂ ನಿಜ. ಆದರೆ ಮುಂದೆ ವಿಜ್ಞಾನಿಗಳು ಸೋಲಿಗರ ಜೊತೆ ಕೂತು ಅವರ ವಿವರಣೆಯನ್ನೂ ತಮ್ಮ ಅಳತೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿವರಣೆಯನ್ನು ಗಂಭೀರವಾಗಿ ತೆಗೆದುಕೊಂಡಿತು. ಸಸಿ ಕಡಿಮೆಯಾಗುವುದಕ್ಕೆ ಕಾಯಿ ಕೀಳುವುದೊಂದೇ ಕಾರಣ ಎಂದು ನೋಡುತ್ತಿದ್ದವರಿಗೆ ಬೆಂಕಿ, ಬಂದಳಿಕೆ, ಲಂಟಾನ ಎಲ್ಲವೂ ಸೇರಿದ ಕಥೆ ಕಾಣಿಸಿತು. ತಲೆಮಾರುಗಳಿಂದ ಕಾಡು ನೋಡಿದವರ ಮಾತನ್ನು ಅಷ್ಟು ವರ್ಷ ತಡವಾಗಿ ಕೇಳಿದ್ದು ನನಗೆ ಇವತ್ತಿಗೂ ನೋವಿನ ವಿಷಯ.

ಲಂಟಾನದ ಪಾತ್ರ ಇಲ್ಲಿ ದೊಡ್ಡದು. ಅಮೆರಿಕದ ಬಿಸಿ ಸೀಮೆಯ ಗಿಡ. ಬ್ರಿಟಿಷರ ಕಾಲದಲ್ಲಿ, 19ನೇ ಶತಮಾನದ ಆರಂಭದಲ್ಲಿ, ತೋಟದ ಅಂದಕ್ಕೆಂದು ಭಾರತಕ್ಕೆ ತಂದರು. ಹೂವಿಗೆ ಚಿಟ್ಟೆ ಬರುತ್ತದೆ, ಹಣ್ಣಿಗೆ ಪಿಕಳಾರ, ಮೈನಾ ಬರುತ್ತವೆ. ಅಂದರೆ ಹೊಸದಾಗಿ ಬಂದ ಗಿಡ ನಮ್ಮ ಹಕ್ಕಿ, ಚಿಟ್ಟೆಗಳನ್ನೇ ತನ್ನ ಕೆಲಸಕ್ಕೆ ಇಟ್ಟುಕೊಂಡಿತು. ಬಿಳಿಗಿರಿಯಲ್ಲಿ 1997ರಲ್ಲಿ ಮತ್ತು 2008ರಲ್ಲಿ ಇಡೀ ಕಾಡನ್ನು ಚೌಕಗಳಾಗಿ ಮಾಡಿ ಎಣಿಸಿದ್ದಾರೆ. ಆ 11 ವರ್ಷದಲ್ಲಿ ಲಂಟಾನ ಇರುವ ಜಾಗ ಸುಮಾರು ಎರಡು ಪಟ್ಟಾಯಿತು. ಅದರ ಪೊದೆಯ ಕೆಳಗೆ ಬೆಳಕಿಲ್ಲ. ಹುಲ್ಲು ಹೋಯಿತು, ನೆಲ್ಲಿ ಸಸಿ ಹೋಯಿತು. ಹುಲ್ಲು ಹೋದ ಕಡೆ ಜಿಂಕೆ ಮೇಯುವುದಾದರೂ ಏನನ್ನು? ಜಿಂಕೆ ಬಾರದಿದ್ದರೆ ಓಟೆ ತರುವವರು ಯಾರು?

ಇನ್ನೂ ಒಂದು ತೊಡಕಿದೆ. ಈಗ ಬೆಂಕಿ ಬಿದ್ದರೆ ಅದು ಹಳೆಯ ತರಗು ಬೆಂಕಿ ಅಲ್ಲ. ಲಂಟಾನದ ಒಣ ಕಡ್ಡಿಗಳು ಆಳೆತ್ತರಕ್ಕೆ ನಿಂತಿರುತ್ತವೆ, ಮರಗಳನ್ನು ತಬ್ಬಿ ಇನ್ನೂ ಮೇಲೆ ಏರಿರುತ್ತವೆ. ಬೆಂಕಿ ಅದನ್ನು ಹಿಡಿದು ಮರದ ತಲೆಗೆ ಹತ್ತುತ್ತದೆ. ಬೆಂಕಿ ನಿಲ್ಲಿಸಿದ್ದು ಬೆಂಕಿಯನ್ನೇ ದೊಡ್ಡದು ಮಾಡಿತು.

ಸೋಲಿಗರನ್ನೂ ನಾನು ಈ ಸಂಬಂಧಗಳ ಒಳಗೇ ಎಣಿಸುತ್ತೇನೆ. ಕಾಯಿಗೆಂದು ಮರ ಹತ್ತಿದವರು ಉಪ್ಪಿಲು ಕಂಡರೆ ಕಡಿದು ಹಾಕುತ್ತಿದ್ದರು. 2000ದ ದಶಕದಲ್ಲಿ ಕಾನೂನು ಬಿಗಿಯಾಗಿ ಮಾರಾಟಕ್ಕೆ ಕಾಯಿ ಕೀಳುವುದು ನಿಂತಾಗ ಆ ಕೈಗಳೂ ಮರದಿಂದ ದೂರವಾದವು. 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು, ಅಂದರೆ ಕಾಡನ್ನು ಎಲ್ಲರೂ ಸೇರಿ ಬಳಸುವ, ನೋಡಿಕೊಳ್ಳುವ ಹಕ್ಕು, ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅದು ಮೊದಲು.

ಇಷ್ಟು ಕೇಳಿದ ಮೇಲೆ ನಿಮಗೆ ಬಂದಳಿಕೆಯ ಮೇಲೆ ಸಿಟ್ಟು ಬಂದಿರಬೇಕು. ಇಡೀ ಕಾಡಿನಿಂದ ಕಿತ್ತು ಹಾಕಿಬಿಟ್ಟರೆ ಒಳ್ಳೆಯದಲ್ವಾ ಅನಿಸಬಹುದು. ಇಲ್ಲಿ ಸ್ವಲ್ಪ ತಡೆಯಿರಿ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಡೇವಿಡ್ ವಾಟ್ಸನ್ ಎಂಬ ವಿಜ್ಞಾನಿ ಇದನ್ನು ನಿಜವಾಗಿಯೂ ಮಾಡಿ ನೋಡಿದರು. ಒಂದಿಷ್ಟು ಕಾಡಿನ ತುಂಡುಗಳಲ್ಲಿ ಇದ್ದಬದ್ದ ಬಂದಳಿಕೆಯನ್ನೆಲ್ಲ ತೆಗೆಸಿದರು. ಪಕ್ಕದ ಬೇರೆ ತುಂಡುಗಳನ್ನು ಹಾಗೇ ಬಿಟ್ಟರು. ಮೂರು ವರ್ಷ ಬಿಟ್ಟು ಹಕ್ಕಿಗಳನ್ನು ಎಣಿಸಿದರು. ಬಂದಳಿಕೆ ತೆಗೆದ ಕಡೆ ಹಕ್ಕಿ ಜಾತಿಗಳಲ್ಲಿ ಸುಮಾರು ಐದನೇ ಒಂದು ಭಾಗ ಇರಲಿಲ್ಲ. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಹೋದ ಹಕ್ಕಿಗಳು ಯಾವುವು ಎಂದು ಕೇಳಿದರೆ ಆಶ್ಚರ್ಯ ಆಗುತ್ತದೆ. ಬಂದಳಿಕೆ ಹಣ್ಣು ತಿನ್ನುವವು ಮಾತ್ರ ಹೋಗಿದ್ದರೆ ಸುಲಭವಾಗಿ ಅರ್ಥವಾಗುತ್ತಿತ್ತು. ಹೆಚ್ಚು ಪೆಟ್ಟು ತಿಂದದ್ದು ಹುಳ ತಿನ್ನುವ ಹಕ್ಕಿಗಳು, ಅದರಲ್ಲೂ ನೆಲದಲ್ಲಿ ಹುಳ ಹೆಕ್ಕುವವು. ಬಂದಳಿಕೆಯ ಎಲೆ ಪೋಷಕಾಂಶ ಉಳಿಸಿಕೊಂಡೇ ಉದುರುತ್ತದೆ. ಆ ತರಗಿನಿಂದ ಮಣ್ಣು ಹದವಾಗುತ್ತದೆ, ಮಣ್ಣಿನಲ್ಲಿ ಹುಳ ಹುಪ್ಪಟೆ ಹೆಚ್ಚುತ್ತವೆ, ಅದಕ್ಕೆ ಹಕ್ಕಿ ಬರುತ್ತದೆ. ಕೊಂಬೆಯಲ್ಲಿ ಕೂತ ಪರಾವಲಂಬಿ ನೆಲದ ಮೇಲೆ ಓಡಾಡುವ ಹಕ್ಕಿಯನ್ನು ಸಾಕುತ್ತಿತ್ತು!

ನಮ್ಮಲ್ಲೂ ಬಂದಳಿಕೆ ನಂಬಿದವರಿದ್ದಾರೆ. ರೆಕ್ಕೆಯ ಅಡಿಯಲ್ಲಿ ಹಳದಿ, ಕೆಂಪು ಬಣ್ಣ ಇರುವ ಕಾಮನ್ ಜೆಜೆಬೆಲ್ ಚಿಟ್ಟೆಯನ್ನು ಬೆಂಗಳೂರಿನ ಬೀದಿಯಲ್ಲೂ ಕಾಣಬಹುದು. ಅದರ ಮರಿಹುಳಗಳು ಬೆಳೆಯುವುದು ಬಂದಳಿಕೆಯ ಎಲೆ ತಿಂದು. ಹಾಗಾಗಿ ಬಂದಳಿಕೆ ಒಳ್ಳೆಯದಾ ಕೆಟ್ಟದ್ದಾ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ. ಅದನ್ನು ಹತೋಟಿಯಲ್ಲಿಡುವ ಇನ್ಯಾರಾದರೂ ಅಲ್ಲಿ ಇದ್ದಾರಾ ಎಂದು ಕೇಳಬೇಕು.

ಈ 'ಮೂರನೆಯವರ' ಮಾತಿಗೆ ಪರಿಸರ ವಿಜ್ಞಾನದಲ್ಲಿ ಒಂದು ಪ್ರಸಿದ್ಧ ಪ್ರಯೋಗ ಇದೆ. ಅದನ್ನು ಬೇಗ ಹೇಳಿಬಿಡುತ್ತೇನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲ ತೀರ, 1963. ರಾಬರ್ಟ್ ಪೇನ್ ಎಂಬ ವಿಜ್ಞಾನಿ ಬಂಡೆಯ ಒಂದು ಭಾಗದಿಂದ ನಕ್ಷತ್ರಮೀನುಗಳನ್ನು ಕಿತ್ತು ಕಿತ್ತು ಸಮುದ್ರಕ್ಕೆ ಎಸೆಯಲು ಶುರು ಮಾಡಿದರು. ನಮ್ಮ ಕರಾವಳಿಯವರು ಪಚ್ಚಿಲೆ ಅನ್ನುತ್ತಾರಲ್ಲ, ಆ ಬಗೆಯ ಚಿಪ್ಪುಜೀವಿ ನಕ್ಷತ್ರಮೀನಿನ ಊಟ. ತಿನ್ನುವವರು ಹೋದ ಮೇಲೆ ಪಚ್ಚಿಲೆ ಬಂಡೆಯನ್ನೆಲ್ಲ ಆವರಿಸಿತು. ಉಳಿದ ಜೀವಿಗಳಿಗೆ ಅಂಟಿಕೊಳ್ಳಲು ಜಾಗ ಇಲ್ಲ. 15 ಜಾತಿ ಇದ್ದ ಕಡೆ 8 ಉಳಿದವು. ಬೇಟೆಗಾರ ಹೋದರೆ ಬಾಕಿಯವರೆಲ್ಲ ಸುಖವಾಗಿರುತ್ತಾರೆ ಎಂದುಕೊಂಡಿದ್ದು ತಲೆಕೆಳಗಾಯಿತು. ಹೀಗೆ ಉಳಿದವರೆಲ್ಲರ ಬದುಕನ್ನು ಹಿಡಿದಿಡುವ ಜೀವಿಗೆ ಪೇನ್ 1969ರಲ್ಲಿ ಕೀಸ್ಟೋನ್ ಪ್ರಭೇದ ಎಂದು ಹೆಸರಿಟ್ಟರು.

ನಮ್ಮ ನಾಗರಹೊಳೆಯಲ್ಲಿ ಇನ್ನೊಂದು ಬಗೆಯ ಮೂವರಿದ್ದಾರೆ. ಹುಲಿ, ಚಿರತೆ, ಸೀಳುನಾಯಿ. ಮೂರೂ ದೊಡ್ಡ ಬೇಟೆಗಾರರು, ಒಂದೇ ಕಾಡು. ಇವು ಹೇಗೆ ಒಟ್ಟಿಗಿವೆ? ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ಹಿಕ್ಕೆ ಪರೀಕ್ಷಿಸಿ, ಬೇಟೆಯಾದ ಪ್ರಾಣಿಗಳನ್ನು ಹುಡುಕಿ, 1995ರಲ್ಲಿ ಲೆಕ್ಕ ಕೊಟ್ಟರು. ಹುಲಿ ಕೊಲ್ಲುವ ಮುಖ್ಯ ಪ್ರಾಣಿಗಳ ಸರಾಸರಿ ತೂಕ 91.5 ಕಿಲೋ. ಚಿರತೆಗೆ 37.6, ಸೀಳುನಾಯಿಗೆ 43.4. ಹುಲಿಗೆ ಕಾಟಿ, ಕಡವೆ ಇಷ್ಟ. ಉಳಿದಿಬ್ಬರು ಜಿಂಕೆಯಂಥ ನಡುಗಾತ್ರದ ಪ್ರಾಣಿಗಳ ಕಡೆ ಹೋಗುತ್ತಾರೆ. ದೊಡ್ಡದು, ನಡುಗಾತ್ರದ್ದು ಎಲ್ಲ ಬಗೆಯ ಬೇಟೆ ಸಾಕಷ್ಟು ಇರುವುದರಿಂದ ಈ ಹಂಚಿಕೆ ಸಾಧ್ಯವಾಗಿದೆ. ಈಗ ಯೋಚಿಸಿ. ಯಾವುದೋ ಕಾಡಿನಲ್ಲಿ ಮನುಷ್ಯರು ಕಳ್ಳಬೇಟೆಯಾಡಿ ಕಾಟಿ, ಕಡವೆಗಳನ್ನು ಮುಗಿಸಿದರು ಅಂದುಕೊಳ್ಳಿ. ಹುಲಿಯನ್ನು ಯಾರೂ ಮುಟ್ಟಿಲ್ಲ. ಆದರೂ ಹುಲಿ ಈಗ ಜಿಂಕೆಗೆ ಇಳಿಯಬೇಕು, ಚಿರತೆಯ ತಟ್ಟೆಗೆ ಕೈ ಹಾಕಬೇಕು. ಒಂದು ಕಡೆ ಬಿದ್ದ ಪೆಟ್ಟು ಮೂವರ ನಡುವಿನ ಅಂತರವನ್ನೇ ಅಳಿಸಿಹಾಕುತ್ತದೆ.

ಕಾಡಿಗೆ ಹೋಗಲು ಆಗದವರಿಗೆ ನಾನು ಹೇಳುವುದು ಅತ್ತಿ ಮರದ ಕೆಳಗೆ ನಿಲ್ಲಿ ಎಂದು. ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಎನ್ನುತ್ತಾರಲ್ಲ, ಆ ಹುಳಗಳಿಂದಲೇ ಮರದ ವಂಶ ಉಳಿದಿದೆ. ನಾವು ಕಾಯಿ ಅನ್ನುವುದರ ಒಳಗೆ ನೂರಾರು ಪುಟ್ಟ ಹೂಗಳಿವೆ. ತುದಿಯಲ್ಲಿ ಸಣ್ಣ ಬಾಗಿಲು. ಕಣಜದ ಜಾತಿಯ ಹೆಣ್ಣು ಕೀಟವೊಂದು ಆ ಬಾಗಿಲಲ್ಲಿ ನುಗ್ಗುತ್ತದೆ, ನುಗ್ಗುವಾಗ ರೆಕ್ಕೆ ಮುರಿಯುತ್ತದೆ. ತಂದ ಪರಾಗವನ್ನು ಹೂಗಳಿಗೆ ಕೊಡುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆ ಇಡುತ್ತದೆ, ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಗಂಡಿಗೆ ರೆಕ್ಕೆಯೇ ಇಲ್ಲ. ಗಂಡುಗಳು ಮೊದಲು ಹೊರಬಂದು, ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆ ಕೊರೆದು ದಾರಿ ಮಾಡುತ್ತವೆ. ಹೆಣ್ಣುಗಳು ಪರಾಗ ಹೊತ್ತು ಹಾರಿಹೋಗುತ್ತವೆ. ಅವುಗಳ ಆಯಸ್ಸು ಒಂದೆರಡು ದಿನ.

ಪುಸ್ತಕದಲ್ಲಿ ಇಬ್ಬರ ಸಹಬಾಳ್ವೆಗೆ ಇದೇ ಉದಾಹರಣೆ. ಆದರೆ ಕಾಯಿಯ ಹೊರಗೆ ನೋಡಿ. ಬೇರೆ ಜಾತಿಯ ಕಣಜಗಳು ಗೋಡೆಯ ಮೇಲೆ ನಿಂತು, ಸೂಜಿಯಂಥ ಅಂಗದಿಂದ ಹೊರಗಿನಿಂದಲೇ ಕೊರೆದು ಒಳಗೆ ಮೊಟ್ಟೆ ಇಡುತ್ತವೆ. ಇವು ಪರಾಗ ತರುವುದಿಲ್ಲ, ಹೂವಿಗೂ ಹೂವಿನ ಗೆಳೆಯನಿಗೂ ನಷ್ಟ ಮಾಡುತ್ತವೆ. ಇಂಥ ಒಂದು ಕಣಜದ ಸೂಜಿಯ ತುದಿಯಲ್ಲಿ ಸತು ಇರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಡುಹಿಡಿದು 2014ರಲ್ಲಿ ಪ್ರಕಟಿಸಿದರು. ಗಟ್ಟಿ ಕಾಯಿ ಕೊರೆಯಲು ಲೋಹದ ಮೊನೆ! ಕೊರೆಯುತ್ತಾ ನಿಂತ ಕಣಜ ಥಟ್ಟನೆ ಹಾರಲಾರದು. ಆಗ ಬರುವುದು ಚಗಳಿ ಇರುವೆ. ಮಲೆನಾಡಿನಲ್ಲಿ ಚಟ್ನಿ ಮಾಡುತ್ತಾರಲ್ಲ, ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ, ಅದೇ. ಅದು ಇವನ್ನು ಹಿಡಿದು ತಿನ್ನುತ್ತದೆ. ಅದೇ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಸಂಗಡಿಗರು ಅತ್ತಿ ಮತ್ತು ಕಣಜಗಳ ವಾಸನೆಗೆ ಇರುವೆಗಳು ಹೇಗೆ ಸ್ಪಂದಿಸುತ್ತವೆ ಎಂದೂ ನೋಡಿದ್ದಾರೆ. ಬೇಟೆಯಾಡುವ ಇರುವೆಗೂ ರಸ ಹೀರುವ ಕೀಟಗಳನ್ನು ಸಾಕುವ ಇರುವೆಗೂ ಅದರಲ್ಲಿ ವ್ಯತ್ಯಾಸ ಇದೆ.

ಇದರಿಂದ ಇಡೀ ಕಾಡಿಗೆ ಏನಾಗುತ್ತದೆ? ಹೆಣ್ಣು ಕಣಜ ಬದುಕುವುದು ಒಂದೆರಡು ದಿನವಾದ್ದರಿಂದ ಅದು ಹಾರಿದಾಗ ತಲುಪಬಲ್ಲ ದೂರದ ಅದೇ ಜಾತಿಯ ಮರವೊಂದರಲ್ಲಿ ಎಳೆಗಾಯಿ ಸಿದ್ಧವಿರಲೇಬೇಕು. ಹಾಗಾಗಿ ಅತ್ತಿ, ಆಲ, ಗೋಣಿಯಂಥ ಮರಗಳು ಎಲ್ಲ ಒಟ್ಟಿಗೆ ಕಾಯಿ ಬಿಡುವುದಿಲ್ಲ. ಒಂದಲ್ಲ ಒಂದು ಮರದಲ್ಲಿ ವರ್ಷವಿಡೀ ಹಣ್ಣು ಸಿಗುತ್ತದೆ. ಬೇರೆ ಮರಗಳು ಬರಿದಾದ ತಿಂಗಳಲ್ಲಿ ದಾಂಡೇಲಿಯ ಮಂಗಟ್ಟೆಗಳೂ ಬಾವಲಿಗಳೂ ಮುಸುವಗಳೂ ಇವನ್ನು ನಂಬುತ್ತವೆ. ಕಣ್ಣಿಗೆ ಸರಿಯಾಗಿ ಕಾಣದ ಕೀಟದ ಆಯಸ್ಸು ಮಂಗಟ್ಟೆಯ ಊಟವನ್ನು ತೀರ್ಮಾನಿಸುತ್ತಿದೆ.

ಕೊನೆಗೆ ಒಬ್ಬರು ನನ್ನನ್ನು ಕೇಳಿದ ಪ್ರಶ್ನೆ. ಲಂಟಾನ ಕಿತ್ತು ಹಾಕಿದರೆ ನೆಲ್ಲಿ ವಾಪಸ್ ಬರುತ್ತದಾ? ಕೀಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಸಲ ಕಿತ್ತರೆ ಸಾಲದು. ಬುಡ ಉಳಿದರೆ ಚಿಗುರುತ್ತದೆ, ಪಿಕಳಾರ ಮತ್ತೆ ಬೀಜ ತರುತ್ತದೆ. ಕೆಲವು ವರ್ಷ ಬೆನ್ನು ಹತ್ತಬೇಕು. ತೆರವಾದ ಜಾಗದಲ್ಲಿ ಹುಲ್ಲು ಬಂದರೆ ಜಿಂಕೆ ಬರುತ್ತದೆ, ಜಿಂಕೆಯ ಜೊತೆ ನೆಲ್ಲಿ ಓಟೆ ಬರುತ್ತದೆ. ಅದೇ ಜಿಂಕೆ ಎಳೆ ಸಸಿಯನ್ನೂ ಮೇಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನು ಬೆಂಕಿ. ಈ ವರ್ಷ ಮೊಳೆತ ಸಸಿ ತರಗು ಬೆಂಕಿಗೂ ಉಳಿಯಲಾರದು. ಬೇರು ಗಟ್ಟಿಯಾದ ಸಸಿ ಮೇಲೆ ಸುಟ್ಟರೂ ಬುಡದಿಂದ ಚಿಗುರಬಲ್ಲದು. ಎಷ್ಟು ವರ್ಷ ಬಿಡುವು ಕೊಡಬೇಕು, ಯಾವ ತಿಂಗಳು, ಯಾವ ಇಳಿಜಾರಿನಲ್ಲಿ ಬೆಂಕಿ ಹಾಕಬಹುದು ಎನ್ನುವುದನ್ನು ಸೋಲಿಗರು, ಅರಣ್ಯ ಇಲಾಖೆಯವರು, ವಿಜ್ಞಾನಿಗಳು ಒಟ್ಟಿಗೆ ಕೂತು ಆ ಬೆಟ್ಟದಲ್ಲೇ ತೀರ್ಮಾನಿಸಬೇಕು.